ಹದಿನಾಲ್ಕರ ರೂಢಿ, ನಲವತ್ತರ ರೋಗ

ಒಂದು ಕಾಲದಲ್ಲಿ ಮಕ್ಕಳ ಆರೋಗ್ಯದ ಬಗ್ಗೆ ಹೆತ್ತವರಿಗಿದ್ದ ಭಯವೆಂದರೆ ದಡಾರ, ವಾಂತಿಭೇದಿ, ಮಲೇರಿಯಾಗಳದು. ಲಸಿಕೆ ಹಾಗೂ ಶುದ್ಧ ನೀರು ಆ ಭಯವನ್ನು ಬಹುಮಟ್ಟಿಗೆ ತಗ್ಗಿಸಿವೆ. ಅದರ ಸ್ಥಾನದಲ್ಲಿ ಈಗ ಮಧುಮೇಹ, ಅಧಿಕ ರಕ್ತದೊತ್ತಡ, ಹೃದ್ರೋಗ, ಕ್ಯಾನ್ಸರುಗಳು ಸದ್ದಿಲ್ಲದೆ ಬಂದು ಕುಳಿತಿವೆ. ಒಬ್ಬರಿಂದೊಬ್ಬರಿಗೆ ಹರಡದ ಕಾರಣ ಇವನ್ನು ಅಸಾಂಕ್ರಾಮಿಕ ರೋಗಗಳೆನ್ನುತ್ತಾರೆ. ಆದರೆ ಇವುಗಳಿಗೆ ದಾರಿ ಮಾಡಿಕೊಡುವ ರೂಢಿಗಳು ಮನೆಯಿಂದ ಮನೆಗೆ, ಗೆಳೆಯನಿಂದ ಗೆಳೆಯನಿಗೆ ಹರಡುತ್ತವೆ.

ಇವು ಮುಪ್ಪಿನ ಕಾಯಿಲೆಗಳೆಂಬ ಸಮಾಧಾನಕ್ಕೂ ಆಧಾರವಿಲ್ಲ. 2016ರಿಂದ 2018ರವರೆಗೆ ನಡೆದ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯಲ್ಲಿ 10ರಿಂದ 19 ವರ್ಷದವರ ಪೈಕಿ ಸುಮಾರು ಶೇಕಡಾ 10 ಮಂದಿ ಮಧುಮೇಹದ ಹೊಸ್ತಿಲಲ್ಲಿರುವುದು ಕಂಡುಬಂತು. ಸುಮಾರು ಶೇಕಡಾ 5 ಮಂದಿಗೆ ಅಧಿಕ ರಕ್ತದೊತ್ತಡವಿತ್ತು. ನಲವತ್ತರಲ್ಲಿ ತಂದೆ ಹಾಸಿಗೆ ಹಿಡಿದರೆ ಮಗಳ ಓದು ನಿಲ್ಲುವ ಕುಟುಂಬಗಳು ನಮ್ಮ ನಡುವೆಯೇ ಇವೆ. ಆ ಕಾಯಿಲೆಯ ಬೀಜ ಬಹುಪಾಲು ಶಾಲೆಯ ದಿನಗಳಲ್ಲೇ ಬಿದ್ದಿರುತ್ತದೆ.

ಸರ್ಕಾರ ಕೈಕಟ್ಟಿ ಕುಳಿತಿಲ್ಲ. 2020ರಲ್ಲಿ ಆರಂಭವಾದ ಶಾಲಾ ಆರೋಗ್ಯ ಕಾರ್ಯಕ್ರಮವು ಪ್ರತಿ ಶಾಲೆಯ ಇಬ್ಬರು ಶಿಕ್ಷಕರಿಗೆ ತರಬೇತಿ ನೀಡಿ, ಅವರಿಂದಲೇ ಮಕ್ಕಳಿಗೆ ಆರೋಗ್ಯಪಾಠ ಹೇಳಿಸುವ ಉದ್ದೇಶ ಹೊಂದಿದೆ. ಅದೇ ವರ್ಷ ಹೊರಟ ಆಹಾರ ಸುರಕ್ಷತಾ ನಿಯಮವು ಶಾಲೆಯೊಳಗೂ, ಆವರಣದಿಂದ 50 ಮೀಟರ್ ಒಳಗೂ ಅತಿಯಾದ ಕೊಬ್ಬು, ಉಪ್ಪು, ಸಕ್ಕರೆಯ ತಿನಿಸುಗಳ ಮಾರಾಟವನ್ನು ನಿಷೇಧಿಸಿದೆ. 2025ರಲ್ಲಿ ಕೇಂದ್ರೀಯ ಪ್ರೌಢ ಶಿಕ್ಷಣ ಮಂಡಳಿ ತನ್ನ ಶಾಲೆಗಳಲ್ಲಿ ಸಕ್ಕರೆಯ ಅಪಾಯ ತಿಳಿಸುವ ಫಲಕಗಳನ್ನು ಹಾಕಲು ಸೂಚಿಸಿತು. ಕರ್ನಾಟಕದಲ್ಲಿ ತಂಬಾಕು ಖರೀದಿಯ ವಯೋಮಿತಿ 18ರಿಂದ 21ಕ್ಕೆ ಏರಿದೆ.

ಆದರೂ ಫಲ ಕಾಣುತ್ತಿಲ್ಲವೇಕೆ? ಆರೋಗ್ಯವನ್ನು ನಾವು ಅಂಕ ಗಳಿಸುವ ಪಾಠವನ್ನಾಗಿ ಮಾಡಿದ್ದೇವೆ. ಹೃದಯದ ಚಿತ್ರ ಬರೆದು ಭಾಗಗಳನ್ನು ತಪ್ಪಿಲ್ಲದೆ ಗುರುತಿಸುವ ವಿದ್ಯಾರ್ಥಿಗೆ ಪೊಟ್ಟಣದ ಹಿಂಬದಿಯ ಅಕ್ಷರಗಳನ್ನು ಓದಲು ಯಾರೂ ಕಲಿಸಿಲ್ಲ. 100 ಮಿಲಿಲೀಟರಿಗೆ 11 ಗ್ರಾಂ ಸಕ್ಕರೆ ಎಂದು ಬರೆದ ತಂಪುಪಾನೀಯದ 300 ಮಿಲಿಲೀಟರಿನ ಬಾಟಲಿಯಲ್ಲಿ 33 ಗ್ರಾಂ ಸಕ್ಕರೆ ಇರುತ್ತದೆ. ದಿನಕ್ಕೆ ಸುಮಾರು 25 ಗ್ರಾಂ ಮೀರದಿದ್ದರೆ ಒಳ್ಳೆಯದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಇದು ಏಳನೆಯ ತರಗತಿಯ ಮಗು ಮಾಡಬಲ್ಲ ಲೆಕ್ಕ. ಹೀಗೆ ಓದಿ, ಅರಿತು, ಬೇಡವೆನ್ನುವ ಶಕ್ತಿಯೇ ಆರೋಗ್ಯ ಸಾಕ್ಷರತೆ.

ಇಲ್ಲಿ ನಾವು ನಮ್ಮನ್ನೇ ಪ್ರಶ್ನಿಸಿಕೊಳ್ಳಬೇಕು. ಶಾಲೆಗಳನ್ನು ನಡೆಸುವುದರಲ್ಲಿ ನಮ್ಮ ಸಮುದಾಯಕ್ಕೆ ದೀರ್ಘ ಪರಂಪರೆಯಿದೆ. ಆದರೂ ಹತ್ತನೆಯ ತರಗತಿಗೆ ಬಂದೊಡನೆ ಆಟದ ಅವಧಿಯನ್ನು ಗಣಿತಕ್ಕೆ ಬಿಟ್ಟುಕೊಡುವಾಗ ಹೆತ್ತವರಾದ ನಾವು ಆಕ್ಷೇಪಿಸುವುದಿಲ್ಲ. ಈ ವಯಸ್ಸಿನವರಿಗೆ ದಿನಕ್ಕೆ 60 ನಿಮಿಷಗಳ ದೈಹಿಕ ಚಟುವಟಿಕೆ ಅಗತ್ಯ. ಮೈನೆರೆದ ಹುಡುಗಿಯರಿಗಂತೂ ಮೈದಾನವೇ ದೂರವಾಗುತ್ತದೆ. ಧರ್ಮೋಪದೇಶ ತರಗತಿಯ ಬಹುಮಾನವೂ ಚಾಕೊಲೇಟು, ಧರ್ಮಕೇಂದ್ರದ ಹಬ್ಬದ ಉಪಚಾರವೂ ಬಣ್ಣದ ಪಾನೀಯ. ಸಿಗರೇಟು ತರಲು ಮಗನನ್ನೇ ಅಂಗಡಿಗೆ ಕಳಿಸುವ ತಂದೆಯ ಮುಂದೆ ಶಿಕ್ಷಕರ ಉಪದೇಶ ಸೋಲುತ್ತದೆ. ಬಡ ಮನೆಯ ಮಗುವಿಗೆ ಹಣ್ಣಿಗಿಂತ ಕುರುಕಲಿನ ಪೊಟ್ಟಣವೇ ಅಗ್ಗ ಎಂಬುದೂ ನಿಜ. ಅಂಥ ಮಗುವನ್ನು ದೂರುವುದು ನ್ಯಾಯವಲ್ಲ.

ಆದುದರಿಂದ ಆಟದ ಅವಧಿಯನ್ನು ಉಳಿಸುವಂತೆ ಪೋಷಕರ ಸಭೆಯಲ್ಲಿ ಕೇಳೋಣ. ಶಾಲೆಯ ಗೇಟಿನ ಮುಂದಿನ ಅಂಗಡಿಗಳ ಮೇಲೆ ಕಣ್ಣಿಡೋಣ. ಧರ್ಮಕೇಂದ್ರದ ಉಪಚಾರದಲ್ಲಿ ಬಾಳೆಹಣ್ಣು, ಮಜ್ಜಿಗೆಗೆ ಸ್ಥಾನ ಕೊಡೋಣ. ಮನೆಗೆ ತಂದ ಪೊಟ್ಟಣವನ್ನು ಮಗುವಿನಿಂದಲೇ ಓದಿಸೋಣ. ಮಗು ಓದಿ ಹೇಳಿದ ಮೇಲೆ ಅದನ್ನು ಮೊದಲು ಪಕ್ಕಕ್ಕಿಡಬೇಕಾದವರು ನಾವೇ.