ಬೋರ್ ಕೊರೆಸಿದವರಿಗೆ ಹಾರ, ಕಾನೂನು ತಂದವರಿಗೆ?

ಭಾನುವಾರ ನಮ್ಮೂರಲ್ಲಿ ಕುಡಿಯೋ ನೀರಿನ ಹೊಸ ಬೋರ್‌ಗೆ ಪೂಜೆ ಆಯ್ತು. ಮಂಜೂರು ಮಾಡಿಸಿದವರಿಗೆ ಶಾಲು, ಪೇಟ, ಆಳೆತ್ತರದ ಹಾರ. ನಾನೂ ಮುಂದೆ ನಿಂತು ಚಪ್ಪಾಳೆ ಹೊಡೆದೆ. ಮನೆಗೆ ಬಂದ ಮೇಲೆ ನಾಚಿಕೆ ಆಯ್ತು. ಯಾಕೆ ಅಂತ ಹೇಳ್ತೀನಿ, ಬೈಯೋದಿದ್ರೆ ಆಮೇಲೆ ಬೈರಿ.

ಊರಿನ ಹಳೇ ಬೋರಿಗೂ ನನ್ನ ಟೊಮೇಟೊ ಹೊಲದ ಬೋರಿಗೂ 300 ಮೀಟರ್ ಕೂಡ ಇಲ್ಲ. ಎರಡು ವರ್ಷದ ಹಿಂದೆ ರಾತ್ರೋರಾತ್ರಿ ಲಾರಿ ಕರೆಸಿ ಕೊರೆಸಿದೆ. ನೀರು ಬಿತ್ತು, ಬೆಳೆ ಕೈಗೆ ಬಂತು. ಮುಂದಿನ ಬೇಸಿಗೆಗೆ ಊರಿನ ಬೋರು ಬರೀ ಗಾಳಿ ಉಗುಳ್ತು. ನನ್ನದೇ ಕಾರಣ ಅಂತ ಸಾಬೀತು ಮಾಡೋಕಾಗಲ್ಲ. ಅಲ್ಲ ಅಂತ ದೇವರ ಮುಂದೆ ನಿಂತು ಹೇಳೋ ಧೈರ್ಯವೂ ಇಲ್ಲ.

ಇದಕ್ಕೆ ಅಂತಲೇ ನಮ್ಮ ರಾಜ್ಯದಲ್ಲಿ 1999ರ ಕಾಯ್ದೆ ಇದೆ. ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿ ಇಲ್ಲದೆ ಬಾವಿಯಾಗಲಿ ಬೋರಾಗಲಿ ತೆಗೆಯೋ ಹಾಗಿಲ್ಲ. ನಾನು ಅನುಮತಿ ಕೇಳಲಿಲ್ಲ, ಯಾಕೆ ತಗೊಂಡಿಲ್ಲ ಅಂತ ಯಾರೂ ನನ್ನ ಕೇಳಲಿಲ್ಲ. ಆ 500 ಮೀಟರ್ ಅನ್ನೋ ಮಾತು ಆಕಾಶದಿಂದ ಉದುರಿದ್ದಲ್ಲ. ಯಾರೋ ಕೂತು ಬರೆದು, ಸದನದಲ್ಲಿ ಒಪ್ಪಿಸಿ ತಂದದ್ದು. ಅವರಿಗೆ ನಾವು ಒಂದು ಎಳೆ ಹೂವೂ ಹಾಕಿಲ್ಲ.

ನಜೀರ್ ಸಾಬರನ್ನೇ ನೋಡಿ. ಹಳ್ಳಿಹಳ್ಳಿಗೂ ಬೋರ್‌ವೆಲ್ ಹಾಕಿಸಿದ್ರು ಅಂತ ಜನ ‘ನೀರ್ ಸಾಬ್’ ಅಂದ್ರು. ಸರಿಯೇ. ಆದ್ರೆ ಅದೇ ಮನುಷ್ಯ ಮಂತ್ರಿಯಾಗಿ 1983ರ ಪಂಚಾಯತಿ ಕಾಯ್ದೆಗೆ ಬೆವರು ಸುರಿಸಿದ್ದನ್ನ ಎಷ್ಟು ಜನ ನೆನೀತೀವಿ? 1987ರಲ್ಲಿ ಚುನಾವಣೆ ಆಗಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿ ಬಂದದ್ದು ಆ ಕಾಯ್ದೆಯಿಂದ. ಆಮೇಲೆ 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೇ ತಿದ್ದುಪಡಿಯಲ್ಲಿ ಪಂಚಾಯತಿಗೆ ವಹಿಸಬಹುದಾದ 29 ವಿಷಯಗಳ ಪಟ್ಟಿ ಇದೆ. ಕುಡಿಯುವ ನೀರು, ಸಣ್ಣ ನೀರಾವರಿ ಎರಡೂ ಅದರಲ್ಲಿವೆ. ಸಾಬರು ಹಾಕಿಸಿದ ಎಷ್ಟೋ ಕೈಪಂಪು ತುಕ್ಕು ಹಿಡಿದಾವೆ. ‘ನಮ್ಮ ನೀರು, ನಮ್ಮ ಮಾತು’ ಅಂತ ಗ್ರಾಮಸಭೆಯಲ್ಲಿ ಎದ್ದು ನಿಲ್ಲೋ ಹಕ್ಕಿಗೆ ತುಕ್ಕು ಹಿಡಿದಿಲ್ಲ.

‘ಕಾನೂನು ಕುಡಿದ್ರೆ ದಾಹ ತೀರುತ್ತಾ?’ ಅಂತ ಕಟ್ಟೆ ಮೇಲೆ ಕೂತವರು ಕೇಳ್ತಾರೆ. ತೀರಲ್ಲ ಕಣ್ರಪ್ಪ. ಆದ್ರೆ ಹೊಸ ಬೋರಿನ ಪಕ್ಕ ನಾಳೆ ನನ್ನಂಥವನೇ ಇನ್ನೊಬ್ಬ ಲಾರಿ ತಂದು ನಿಲ್ಲಿಸಿದ್ರೆ ತಡೆಯೋದು ಯಾವುದು? ಹಾರವಾ, ಶಾಲಾ?

ಒಂದು ಬೋರು, ಒಂದು ಟ್ಯಾಂಕು, ಒಬ್ಬ ನೀರುಗಂಟಿ, ನಮ್ಮೂರ ನೀರಿನ ವ್ಯವಸ್ಥೆ ಅಂದ್ರೆ ಇಷ್ಟೇ. ಇಷ್ಟು ಸಣ್ಣದಕ್ಕೆ ವಿಧಾನಸೌಧದಲ್ಲಿ ಬಾಯಿ ಇಲ್ಲ, ಯಾರಾದ್ರೂ ಬಾಯಿ ಕೊಡಬೇಕು. ಮೋಟರ್ ರಿಪೇರಿಗೆ ದುಡ್ಡು, ಕರೆಂಟ್ ಬಿಲ್ಲು, ನೀರುಗಂಟಿ ಸಂಬಳ, ಮೂಲದ ರಕ್ಷಣೆ, ಇವುಗಳ ಬಗ್ಗೆ ಸದನದಲ್ಲಿ ಏನು ಮಾತಾಡಿದ್ರಿ ಅಂತ ಓಟಿಗೆ ಬಂದವರನ್ನ ಕೇಳಿ. ಮಾತಾಡಿದವರು ಯಾವ ಪಕ್ಷದವರಾದ್ರೂ ಸರಿ, ಊರಿಗೆ ಕರೆದು ಹಾರ ಹಾಕೋಣ. ಮೊದಲ ಹಾರ ನಂದು.

ಅದಕ್ಕೆ ಮುಂಚೆ ನನ್ನದೊಂದು ಬಾಕಿ ಇದೆ. ಬರೋ ಗ್ರಾಮಸಭೆಗೆ ಅಳತೆ ಟೇಪು ತರ್ತೀನಿ. ನನ್ನ ಬೋರಿಂದಲೇ ಅಳತೆ ಶುರುವಾಗಲಿ. ಬೇಸಿಗೇಲಿ ಮೋಟರ್ ನಿಲ್ಲಿಸು ಅಂತ ಸಭೆ ಹೇಳಿದ್ರೆ ನಿಲ್ಲಿಸ್ತೀನಿ. ನೀವೂ ಬನ್ನಿ.