ಬಡ್ಡಿ ಇಳಿದರೆ ಅಸಲು ತೀರೀತೆ?

ಸಾಹಿತ್ಯ ಸಂಘದ ಪತ್ರಿಕೆಯಲ್ಲಿ ಕ್ಯಾಲ್ಕುಲಸ್ಸಿನ ಮಾತೇಕೆ ಎಂದು ನಿಮ್ಮಲ್ಲಿ ಕೆಲವರಾದರೂ ಹುಬ್ಬೇರಿಸುತ್ತೀರಿ. ಕಥೆ ಕವಿತೆ ಕೊಡಿ ಸಾರ್ ಅಂದರೆ ಇವರು ಲೆಕ್ಕ ಬರೆದುಕೊಟ್ಟಿದ್ದಾರೆ ಅಂತ ಸಂಪಾದಕರೂ ಗೊಣಗಬಹುದು. ಗೊಣಗಲಿ. ಹೈದರಾಬಾದಿನಲ್ಲಿ ಪರಿಸರ ವಿಜ್ಞಾನ ಓದುವ ಹುಡುಗ ಹುಡುಗಿಯರಿಗೆ ಮೊದಲ ವರ್ಷದ ಕ್ಯಾಲ್ಕುಲಸ್ ಹೇಳಿಕೊಡುವುದು ನನ್ನ ಹೊಟ್ಟೆಪಾಡು. ಆ ಪಾಠವನ್ನೇ ತೆಗೆದುಹಾಕಿದರೆ ಹೇಗೆ ಎಂಬ ಮಾತು ಈಗ ಮೇಷ್ಟರುಗಳ ಕೋಣೆಯಲ್ಲಿ ಎದ್ದಿದೆ. "ಗಿಡಮರ, ಕೆರೆಕುಂಟೆ ಓದೋರಿಗೆ ಡಿವೈ ಬೈ ಡಿಎಕ್ಸ್ ಯಾತಕ್ಕೆ ಸ್ವಾಮಿ?" ಎಂಬುದು ಅವರ ಪ್ರಶ್ನೆ. ಪಾಠ ಇರಲೇಬೇಕು, ಆದರೆ ಬಹಳ ಕಡೆ ಈಗಿರುವ ಹಾಗೆ ಇರಬಾರದು ಎಂಬುದು ನನ್ನ ವಾದ.

ಮೊದಲು ನಮ್ಮ ವಿದ್ಯಾರ್ಥಿಗಳು ಯಾರೆಂದು ನೋಡೋಣ. ಇಲ್ಲಿಯ ಇಂಟರ್‌ಮೀಡಿಯೆಟ್‌ನಲ್ಲಿ ವಿಜ್ಞಾನಕ್ಕೆ ಎಂಪಿಸಿ, ಬೈಪಿಸಿ ಎಂದು ಎರಡು ದಾರಿ. ಬೈಪಿಸಿ ಹಿಡಿದವರು ಹತ್ತನೇ ಕ್ಲಾಸಿನಲ್ಲೇ ಗಣಿತಕ್ಕೆ ಕೈಮುಗಿದು ಬಂದವರು. ನನ್ನ ಕ್ಲಾಸಿನಲ್ಲಿ ಇಂಥವರೇ ಹೆಚ್ಚು. ಎರಡು ವರ್ಷದ ಮೇಲೆ ಗಣಿತ ಮತ್ತೆ ಎದುರಾದರೆ, ಸಾಲ ಕೊಟ್ಟವನನ್ನು ಸಂತೆಯಲ್ಲಿ ಕಂಡ ಹಾಗೆ ಮುಖ ತಪ್ಪಿಸುತ್ತಾರೆ. ಜಹೀರಾಬಾದ್, ನಾರಾಯಣಖೇಡ, ಬೀದರ್ ಕಡೆಯಿಂದ ಬಂದ ಕನ್ನಡದ ಮಕ್ಕಳೂ ಇದ್ದಾರೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ದಖನಿ, ಕ್ಲಾಸಿನಲ್ಲಿ ಇಂಗ್ಲಿಷು. ಇಂಥವರ ಮುಂದೆ ಮೇಷ್ಟರು ಮೊದಲ ದಿನವೇ ಲಿಮಿಟ್ಟಿನ ವ್ಯಾಖ್ಯೆ ಬರೆದು ನಿಲ್ಲುತ್ತಾರೆ. ಆಮೇಲೆ ಸೂತ್ರಗಳ ಪಟ್ಟಿ, ಆಮೇಲೆ ಸೈನ್ ಎಕ್ಸ್, ಕಾಸ್ ಎಕ್ಸ್. ಹುಡುಗರು ಬಾಯಿಪಾಠ ಮಾಡ್ತಾರೆ, ಬರೀತಾರೆ, ಪಾಸೂ ಆಗ್ತಾರೆ. ಇಷ್ಟಾದ ಮೇಲೂ ಮೂಸಿ ನದಿಯ ಒಂದು ಅಂಕಿಯನ್ನು ಓದಿ ಅರ್ಥ ಹೇಳಲು ಬರದಿದ್ದರೆ ಆ ಪಾಸಿಗೆ ಏನು ಬೆಲೆ?

ಹಾಗಾದರೆ ಎಲ್ಲಿಂದ ಶುರು ಮಾಡಬೇಕು? ಕೆರೆಯಿಂದ ಅಂತೀನಿ ನಾನು. ತೂಬು, ಕೋಡಿ ಎಂಬ ಮಾತು ಗೊತ್ತಿಲ್ಲದ ಹಳ್ಳಿಯ ಹುಡುಗ ಯಾರಿದ್ದಾನೆ? ಕೆರೆಯಲ್ಲಿ ಎಷ್ಟು ನೀರು ನಿಂತಿದೆ ಎಂಬುದು ಒಂದು ಲೆಕ್ಕ. ಗಂಟೆಗೆ ಎಷ್ಟು ಬರುತ್ತದೆ, ಎಷ್ಟು ಹೋಗುತ್ತದೆ ಎಂಬುದು ಇನ್ನೊಂದು ಲೆಕ್ಕ. ಮೊದಲನೆಯದು ಸಂಗ್ರಹ, ಎರಡನೆಯದು ದರ. ಸಂಗ್ರಹ ನೋಡಿ ದರ ಕಂಡುಹಿಡಿಯೋದು ಅವಕಲನ. ದರಗಳನ್ನು ಕೂಡಿಸುತ್ತ ಹೋಗಿ ಸಂಗ್ರಹ ಕಂಡುಹಿಡಿಯೋದು ಅನುಕಲನ. ಕ್ಯಾಲ್ಕುಲಸ್ಸಿನ ಬೇರು ಇಷ್ಟೇ. ಉಳಿದದ್ದು ಕೊಂಬೆ, ಎಲೆ.

ಇದಕ್ಕೆ ಹೈದರಾಬಾದಿಗಿಂತ ಒಳ್ಳೆಯ ಪಾಠಶಾಲೆ ಬೇಕೆ? 1908ರ ಸೆಪ್ಟೆಂಬರ್ 28ರಂದು ಮೂಸಿ ಉಕ್ಕಿ ಈ ಊರಿನ ಸಾವಿರಾರು ಜನ ಸತ್ತರು. ಮರುವರ್ಷ, 1909ರಲ್ಲಿ, ನಿಜಾಮ್ ಸರ್ಕಾರ ಕರೆಸಿಕೊಂಡದ್ದು ನಮ್ಮ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರನ್ನು. ಊರಿನ ಮೇಲ್ಭಾಗದಲ್ಲಿ ಜಲಾಶಯ ಕಟ್ಟಿ ಪ್ರವಾಹವನ್ನು ಅಲ್ಲೇ ತಡೆದು, ನದಿಯ ಪಾತ್ರ ತಾಳುವಷ್ಟನ್ನೇ ಕೆಳಗೆ ಬಿಡಬೇಕೆಂದು ಅವರು ಸೂಚಿಸಿದರು. ಮುಂದೆ ಮೂಸಿಗೆ ಉಸ್ಮಾನ್ ಸಾಗರ 1920ರಲ್ಲಿ, ಅದರ ಉಪನದಿ ಈಸಿಗೆ ಹಿಮಾಯತ್ ಸಾಗರ 1927ರಲ್ಲಿ ಮುಗಿದವು. ಊರಿನವರು ಈ ಕೆರೆಗಳ ನೀರು ಕುಡಿದಿದ್ದಾರೆ. ಕೆರೆ ಕಟ್ಟಿದ್ದರ ಹಿಂದಿನ ಲೆಕ್ಕ ಕೇಳಿದವರು ಕಡಿಮೆ.

ಲೆಕ್ಕ ಸುಲಭದ್ದೇ. ಒಂದು ಜಲಾಶಯದಿಂದ ಗಂಟೆಗೆ 20 ಪಾಲು ನೀರು ಮಾತ್ರ ಹೊರಗೆ ಬಿಡುತ್ತೇವೆ ಅಂತಿಟ್ಟುಕೊಳ್ಳಿ. ಮಳೆ ಬಂತು. ಮೊದಲ ಗಂಟೆ 30 ಪಾಲು ಒಳಗೆ ಬಂತು, ಎರಡನೆಯ ಗಂಟೆ 60, ಮೂರನೆಯದು 40, ನಾಲ್ಕನೆಯದು 25, ಐದನೆಯದು 15. ಪ್ರವಾಹದ ಜೋರು ಯಾವಾಗ? ಎರಡನೆಯ ಗಂಟೆಯಲ್ಲಿ. ಕೆರೆ ಅತಿ ಹೆಚ್ಚು ತುಂಬಿದ್ದು ಯಾವಾಗ? ಕ್ಲಾಸಿನಲ್ಲಿ ಕೇಳಿ ನೋಡಿ, ಅರ್ಧ ಜನ ಅದೂ ಎರಡನೆಯ ಗಂಟೆ ಅಂತಾರೆ. ಅಲ್ಲ. ನಾಲ್ಕನೆಯ ಗಂಟೆ ಮುಗಿದಾಗ. ಬರುವುದು 60ರಿಂದ 25ಕ್ಕೆ ಇಳಿದರೂ ಹೋಗುವ 20ಕ್ಕಿಂತ ಅದು ಹೆಚ್ಚೇ ತಾನೆ? ಜೋರು ಇಳಿದ ಮೇಲೂ ಕೆರೆ ಏರುತ್ತಲೇ ಇತ್ತು. ಬರೋದು ಹೋಗೋದು ಸಮ ಆದ ಗಳಿಗೆಯಲ್ಲೇ ಏರಿಕೆ ನಿಲ್ಲುವುದು. ಪುಸ್ತಕದಲ್ಲಿ 'ಅವಕಲ ಸೊನ್ನೆಯಾದಲ್ಲಿ ಗರಿಷ್ಠ' ಎಂದು ಬರೆದಿರುವುದು ಇದನ್ನೇ. ಮಳೆ ನಿಂತಿತೆಂದು ನದಿಯ ಪಕ್ಕದ ಬಸ್ತಿಯವರು ನಿಶ್ಚಿಂತರಾಗಿ ಮಲಗಬಹುದೋ ಇಲ್ಲವೋ ಎಂಬ ಪ್ರಶ್ನೆಯೂ ಇದೇ.

ಇನ್ನು ನೀರಿನ ಹೊಲಸಿನ ವಿಚಾರಕ್ಕೆ ಬನ್ನಿ. ಕೂಕಟ್‌ಪಲ್ಲಿ ನಾಲಾ ಹುಸೇನ್ ಸಾಗರಕ್ಕೆ ಏನು ತಂದು ಸುರಿದಿದೆ ಎಂಬುದನ್ನು ಟ್ಯಾಂಕ್ ಬಂಡಿನ ಮೇಲೆ ನಡೆದವರ ಮೂಗೇ ಹೇಳೀತು. ಹೊಲಸು ನದಿಗೆ ಬಿದ್ದಾಗ ಅದನ್ನು ತಿನ್ನುವ ಸೂಕ್ಷ್ಮಜೀವಿಗಳು ನೀರಿನ ಆಮ್ಲಜನಕವನ್ನು ಬಳಸುತ್ತವೆ. ಗಾಳಿಯಿಂದ ಹೊಸ ಆಮ್ಲಜನಕ ನೀರಿಗೆ ಇಳಿಯುತ್ತಲೂ ಇರುತ್ತದೆ. ಒಂದು ಖರ್ಚು, ಒಂದು ಜಮೆ. ಸ್ಟ್ರೀಟರ್ ಮತ್ತು ಫೆಲ್ಪ್ಸ್ ಎಂಬಿಬ್ಬರು ಅಮೆರಿಕದ ಒಹಾಯೋ ನದಿಯನ್ನು ಅಭ್ಯಾಸ ಮಾಡಿ 1925ರಲ್ಲಿ ಈ ಜಮಾಖರ್ಚನ್ನು ಸಮೀಕರಣವಾಗಿ ಬರೆದರು. ಅದರಿಂದ ತಿಳಿಯುವುದೇನು? ಆಮ್ಲಜನಕ ಅತಿ ಕಡಿಮೆ ಇರುವ ಜಾಗ ನಾಲಾ ಬಂದು ಸೇರುವ ಬಾಯಿಯಲ್ಲ. ಅಲ್ಲಿಂದ ಕೆಳಗೆ ಎಷ್ಟೋ ದೂರದಲ್ಲಿ, ಖರ್ಚು ಜಮೆ ಸಮವಾಗುವಲ್ಲಿ. ಮೀನು ಸಾಯುವುದು ಅಲ್ಲಿ. ನಾಲಾದ ಬಾಯಲ್ಲಷ್ಟೇ ಬಾಟಲಿ ಮುಳುಗಿಸಿ ವರದಿ ಬರೆದವನಿಗೆ ಇದು ಕಾಣುವುದೇ ಇಲ್ಲ. ಮೂಸಿಗೆ ದಾರಿಯುದ್ದಕ್ಕೂ ನಾಲಾಗಳು ಸೇರುವುದರಿಂದ ಅದರ ಲೆಕ್ಕ ಇಷ್ಟು ಸರಳವಲ್ಲ, ನಿಜ. ಆದರೆ ಒಂದು ನಾಲಾದ ಲೆಕ್ಕ ಬಾರದವನು ಹತ್ತು ನಾಲಾದ ಲೆಕ್ಕಕ್ಕೆ ಕೈ ಹಾಕುವುದು ಹೇಗೆ?

ಹೊಲಸಿನ ಬಲವನ್ನು ಅಳೆಯುವ ಬಿಒಡಿ ಪರೀಕ್ಷೆಯನ್ನೇ ನೋಡಿ. ಹಳೆಯ ಪುಸ್ತಕಗಳಲ್ಲಿ 20 ಡಿಗ್ರಿಯಲ್ಲಿ 5 ದಿನ ಎಂದಿದೆ. ನಮ್ಮ ದೇಶದ ಮಾನದಂಡದಲ್ಲಿ 27 ಡಿಗ್ರಿಯಲ್ಲಿ 3 ದಿನ. ಯಾಕೆ ಅಂತ ಕೇಳಿದರೆ, "ಗೈಡಿನಲ್ಲಿ ಹಾಗೇ ಇದೆ ಸಾರ್." ಇರಾನಿ ಚಾ ಮೇಜಿನ ಮೇಲಿಟ್ಟು ಗಮನಿಸಿ. ಮೊದಲ ಐದು ನಿಮಿಷದಲ್ಲಿ ಆರಿದಷ್ಟು ಮುಂದಿನ ಐದು ನಿಮಿಷದಲ್ಲಿ ಆರೋದಿಲ್ಲ. ಗಾಳಿಗಿಂತ ಬಿಸಿ ಎಷ್ಟು ಹೆಚ್ಚೋ ಆರುವ ವೇಗವೂ ಅದಕ್ಕೆ ತಕ್ಕಷ್ಟು. ಬಾಟಲಿಯಲ್ಲಿನ ಹೊಲಸೂ ಹೀಗೇ: ಉಳಿದದ್ದು ಎಷ್ಟೋ, ಕರಗುವ ದರ ಅದಕ್ಕೆ ತಕ್ಕಷ್ಟು. ಶಾಖ ಹೆಚ್ಚಾದರೆ ಜೀವಿಗಳ ಕೆಲಸ ಚುರುಕು, ಆದ್ದರಿಂದ ಕಡಿಮೆ ದಿನ ಸಾಕು. ಈ ಒಂದು ವಕ್ರರೇಖೆ ತಲೆಗೆ ಹತ್ತಿದರೆ 3, 5 ಎಂದು ಉರು ಹೊಡೆಯಬೇಕಾಗಿಲ್ಲ.

ನನಗೆ ಎಲ್ಲಕ್ಕಿಂತ ಮುಖ್ಯವಾದ ಮಾತು ಮುಂದಿದೆ. 'ಮಾಲಿನ್ಯದ ಏರಿಕೆ ಇಳಿದಿದೆ' ಎಂದು ಹೇಳಿಕೆ ಬರುತ್ತದೆ. ಓದಿದವರು ಮಾಲಿನ್ಯವೇ ಇಳಿಯಿತು ಎಂದುಕೊಳ್ಳುತ್ತಾರೆ. ಬಡ್ಡಿ ದರ ಇಳಿದ ಮಾತ್ರಕ್ಕೆ ಅಸಲು ತೀರೀತೆ? 2020ರಲ್ಲಿ ಕೊರೋನಾದಿಂದ ಲೋಕವೇ ಬಾಗಿಲು ಹಾಕಿಕೊಂಡಾಗ ಉರುವಲು ಸುಟ್ಟು ಬಿಡುವ ಇಂಗಾಲದ ಡೈಆಕ್ಸೈಡ್ ಸುಮಾರು ಶೇಕಡಾ 5ರಷ್ಟು ಇಳಿಯಿತು. ಗಾಳಿಯಲ್ಲಿ ಸೇರಿಕೊಂಡಿರುವ ಪ್ರಮಾಣ? ಹವಾಯಿಯ ಮೌನಾ ಲೋವಾದಲ್ಲಿ 1958ರಿಂದ ಅಳೆಯುತ್ತ ಬಂದಿದ್ದಾರೆ. ಅಲ್ಲಿ ವರ್ಷದ ಸರಾಸರಿ 2019ರಲ್ಲಿ ದಶಲಕ್ಷಕ್ಕೆ ಸುಮಾರು 411 ಭಾಗ ಇದ್ದದ್ದು 2020ರಲ್ಲಿ 414ಕ್ಕೆ ಏರಿತು. ನಲ್ಲಿಯನ್ನು ಒಂದು ಸುತ್ತು ತಿರುಗಿಸಿ ಸಣ್ಣ ಮಾಡಿದರು, ಹಂಡೆ ತುಂಬುತ್ತಲೇ ಇತ್ತು. ಇದನ್ನು ಅರಿಯದ ಪರಿಸರ ಪದವೀಧರ ಯಾವ ಕಂಪನಿ ಕೊಟ್ಟ ಅಂಕಿಗೂ ತಲೆದೂಗಿ ರುಜು ಹಾಕುತ್ತಾನೆ. ಕ್ಯಾಲ್ಕುಲಸ್ ತೆಗೆದುಹಾಕಿ ಅಂದರೆ ಅಂಥ ಪದವೀಧರರನ್ನು ತಯಾರು ಮಾಡಿ ಅಂದ ಹಾಗೆ.

ಗಣಿತದ ಗೆಳೆಯರು ನನ್ನ ಮೇಲೆ ಮುನಿಸಿಕೊಳ್ಳುತ್ತಾರೆ. ಲಿಮಿಟ್ ಇಲ್ಲದ ಕ್ಯಾಲ್ಕುಲಸ್ ತಳಪಾಯ ಇಲ್ಲದ ಮನೆ ಅಂತ ಅವರ ವಾದ. ಲೈಬ್ನಿಟ್ಸ್ ತನ್ನ ಲೇಖನ ಅಚ್ಚು ಹಾಕಿಸಿದ್ದು 1684ರಲ್ಲಿ. ಕೋಶಿ ಲಿಮಿಟ್ಟನ್ನು ಆಧಾರವಾಗಿಟ್ಟು ಪಠ್ಯ ಬರೆದದ್ದು 1821ರಲ್ಲಿ. ನಡುವಿನ ನೂರಮೂವತ್ತೇಳು ವರ್ಷ ದೊಡ್ಡ ದೊಡ್ಡವರೇ ಆ ಮನೆಯಲ್ಲಿ ಸಂಸಾರ ಮಾಡಿದರಲ್ಲ! ಲಿಮಿಟ್ ಬೇಡ ಅಂತ ನಾನು ಹೇಳುತ್ತಿಲ್ಲ. ಗಂಟೆಯ ಲೆಕ್ಕ ನಿಮಿಷಕ್ಕೆ, ನಿಮಿಷದ್ದು ಕ್ಷಣಕ್ಕೆ ಇಳಿದಾಗ ಏನಾಗುತ್ತೆ ಎಂದು ಹುಡುಗರೇ ಕೇಳುವ ಹೊತ್ತಿಗೆ ಬರಲಿ ಅಂತೀನಿ. ಕಂಪ್ಯೂಟರ್ ಎಲ್ಲ ಮಾಡಿಕೊಡುತ್ತೆ ಎನ್ನುವವರೂ ಇದ್ದಾರೆ. ಮಾಡಿಕೊಡುತ್ತೆ, ಸಂತೋಷ. ಆದರೆ ಬಾಟಲಿ ಎಲ್ಲಿ ಮುಳುಗಿಸಬೇಕು ಎಂದು ಅದಕ್ಕೆ ಹೇಳಿಕೊಡಬೇಕಾದವರು ನಾವೇ.

ಕಡೆಯದಾಗಿ ನಿಮ್ಮ ಪಾಲಿನ ಮಾತು. ನಮ್ಮ ಭಾಷೆಗೆ ಇದೆಲ್ಲ ಒಗ್ಗುವುದಿಲ್ಲ ಎಂದು ಮೂಗು ಮುರಿಯಬೇಡಿ. 1150ರ 'ಸಿದ್ಧಾಂತ ಶಿರೋಮಣಿ'ಯಲ್ಲಿ ಭಾಸ್ಕರಾಚಾರ್ಯ ಗ್ರಹಗಳ ಆ ಕ್ಷಣದ ವೇಗಕ್ಕೆ 'ತಾತ್ಕಾಲಿಕ ಗತಿ' ಎಂದ. ಇದೇ ಊರಿನಲ್ಲಿ 1918ರಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯ, ಅದಕ್ಕೆಂದೇ ತೆರೆದ ಭಾಷಾಂತರ ಕಚೇರಿಯ ಪುಸ್ತಕಗಳ ಬಲದಿಂದ, ಮೂರು ದಶಕ ಗಣಿತ ವಿಜ್ಞಾನಗಳನ್ನು ಉರ್ದುವಿನಲ್ಲಿ ಕಲಿಸಿತು. ಅದೇ 1918ರಲ್ಲಿ ಬೆಂಗಳೂರಿನಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರು 'ವಿಜ್ಞಾನ' ಪತ್ರಿಕೆ ಶುರು ಮಾಡಿದರು. ಅವಕಲನ ಎಂದರೆ ತೆಲುಗು ಹುಡುಗನಿಗೂ ತಿಳಿಯುತ್ತದೆ, ಅವರಲ್ಲೂ ಅದೇ ಮಾತು. ಪರೀಕ್ಷೆ ಇಂಗ್ಲಿಷಿನಲ್ಲೇ ಬರೆಯಲಿ. ಮೊದಲ ಸಲ ಅರ್ಥವಾಗುವುದು ಮನೆಮಾತಿನಲ್ಲಿ ಆಗಲಿ.

ನಾನು ಕೇಳುವುದು ಮೂರೇ. ಮೊದಲ ಆರು ವಾರ ಸೂತ್ರಗಳನ್ನು ಪಕ್ಕಕ್ಕಿಟ್ಟು ಕೆರೆ, ನಾಲಾ, ಚಾ ಲೋಟಗಳ ಅಂಕಿ ಹಿಡಿದು ಗ್ರಾಫ್ ಹಾಳೆಯಲ್ಲಿ ದರ, ಸಂಗ್ರಹ ಕಲಿಸಲಿ. ಸೈನ್ ಎಕ್ಸ್‌ನ ಕಸರತ್ತು ಕಡಿಮೆ ಮಾಡಿ ಮೇಲಿನ ಆಮ್ಲಜನಕದ ಸಮೀಕರಣದವರೆಗೆ ಖಂಡಿತ ಮುಟ್ಟಿಸಲಿ. ಮೂರನೆಯದು ನಿಮ್ಮಿಂದ: ಹುಡುಗರ ಕೈಗೆ ಕೊಡಲು ಇಪ್ಪತ್ತು ಪುಟದ ಒಂದು ಕನ್ನಡ ಕೈಹೊತ್ತಿಗೆ ಬೇಕು. ಲೆಕ್ಕ ನಾನು ಬರೆದುಕೊಡುತ್ತೇನೆ. ತೂಬು, ಕೋಡಿ, ಅಸಲು, ಬಡ್ಡಿಯಂಥ ಮಾತುಗಳನ್ನು ನಿಮ್ಮ ನಿಮ್ಮ ಊರಿಂದ ಹುಡುಕಿ ತಂದು ಭಾಷೆ ತಿದ್ದಿಕೊಡುವವರು ಬೇಕು. ಇದೇ ಸೈಕ್ಲೋಸ್ಟೈಲ್ ಯಂತ್ರದಲ್ಲಿ ತೆಗೆದರೆ ಸಾಕು. ಇಷ್ಟವಿದ್ದವರು ಸಂಘದ ಕಾರ್ಯದರ್ಶಿಗಳ ಹತ್ತಿರ ಹೆಸರು ಕೊಡಿ.