ಹೊರನಾಡ ಕನ್ನಡಿಗನ ಕಾನೂನು ವ್ಯಾಸಂಗ: ಆಯ್ಕೆಯ ಮೊದಲ ಪ್ರಶ್ನೆ

ಮುಂಬಯಿಯ ಕನ್ನಡ ಕುಟುಂಬಗಳಲ್ಲಿ ಕಾನೂನಿನ ಸ್ನಾತಕೋತ್ತರ ವ್ಯಾಸಂಗದ ಮಾತು ಬಂದಾಗ ಮೊದಲು ಕೇಳಿಬರುವುದು ವಿಶ್ವವಿದ್ಯಾಲಯದ ಹೆಸರು, ಅನಂತರ ಶುಲ್ಕ. ಏನನ್ನು ಅಧ್ಯಯನ ಮಾಡಬೇಕೆಂಬುದು ಪ್ರವೇಶ ದೊರೆತ ಮೇಲಿನ ಮಾತು. ಈ ಕ್ರಮ ತಲೆಕೆಳಗಾದುದು. ಪ್ರತಿಷ್ಠೆಯ ಹೆಸರಿನಿಂದ ಉದ್ಯೋಗ ಸುಲಭವಾದೀತು, ಶುಲ್ಕವನ್ನು ಯಾವ ತಂದೆತಾಯಿಯೂ ಮರೆಯಲಾರರು, ನಿಜ. ಆದರೆ ಸಂಶೋಧನೆಯತ್ತ ಮನಸ್ಸಿರುವ ವಿದ್ಯಾರ್ಥಿಗೆ ಪ್ರಶ್ನೆ ಮೊದಲು, ಸಂಸ್ಥೆ ಅನಂತರ.

ಕನ್ನಡ ಎಂ.ಎ. ಮುಗಿಸಿದವರು ನೇರವಾಗಿ ಎಲ್.ಎಲ್.ಎಂ. ಸೇರಲಾರರು; ಮೂರು ವರ್ಷಗಳ ಎಲ್.ಎಲ್.ಬಿ.ಯನ್ನು ದಾಟಿಯೇ ಬರಬೇಕು. 2013ರ ಹೊತ್ತಿಗೆ ಆರಂಭವಾದ ಒಂದು ವರ್ಷದ ಎಲ್.ಎಲ್.ಎಂ. ವಕೀಲಿಗೆ ಮರಳುವವರಿಗೆ ಅನುಕೂಲವೇ. ಹಳೆಯ ದಾಖಲೆಗಳನ್ನು ಹುಡುಕಿ ಪ್ರಬಂಧ ಬರೆಯುವವನಿಗೆ ಆ ಅವಧಿ ಸಾಲದು; ಅವನಿಗೆ ಎರಡು ವರ್ಷದ ವ್ಯಾಸಂಗವೇ ಲೇಸು.

ಹೊರನಾಡ ಕನ್ನಡಿಗನಿಗೆ ಪ್ರಶ್ನೆಗಳ ಬರವಿಲ್ಲ. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು 1956ರವರೆಗೆ ಮುಂಬಯಿ ಆಡಳಿತದಲ್ಲಿದ್ದವು. ಅಲ್ಲಿನ ಮೇಲ್ಮನವಿಗಳು 1862ರಲ್ಲಿ ಸ್ಥಾಪಿತವಾದ ಮುಂಬಯಿ ಉಚ್ಚ ನ್ಯಾಯಾಲಯಕ್ಕೆ ಬರುತ್ತಿದ್ದವು. ದತ್ತಕ, ವಾಟಣಿ, ವತನಗಳ ಆ ವ್ಯಾಜ್ಯಗಳು 1876ರಿಂದ ಮೊದಲಾದ ತೀರ್ಪು ಸಂಪುಟಗಳಲ್ಲಿ ಇಂಗ್ಲಿಷಿನಲ್ಲಿವೆ. ಅವುಗಳ ಹಿಂದಿನ ಕಾಗದಪತ್ರಗಳ ಭಾಷೆ ಇಂಗ್ಲಿಷಲ್ಲ. ಒಂದು ದತ್ತಕ ಪತ್ರದ ಮಾತು ಅನುವಾದದಲ್ಲಿ ಏನಾಯಿತು, ಹಕ್ಕು ಅದರಿಂದ ಎತ್ತ ವಾಲಿತು ಎಂಬುದನ್ನು ಕನ್ನಡ ಬಲ್ಲ ಕಾನೂನು ವಿದ್ಯಾರ್ಥಿಯಲ್ಲದೆ ಮತ್ತಾರು ವಿಚಾರಿಸಬೇಕು? ಮುಂಬಯಿ ದ್ವೀಪ ಹಾಗೂ ಗುಜರಾತಿನಲ್ಲಿ 'ವ್ಯವಹಾರ ಮಯೂಖ'ಕ್ಕೆ ಮೇಲುಗೈ ಇತ್ತು. ಕನ್ನಡ ಜಿಲ್ಲೆಗಳಲ್ಲಿ 'ಮಿತಾಕ್ಷರ'ವೇ ಪ್ರಮಾಣ. ಅದನ್ನು ರಚಿಸಿದ ವಿಜ್ಞಾನೇಶ್ವರನು ಕಲ್ಯಾಣದ ಚಾಳುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದವನು. ವಕೀಲಿ ಮಾಡುತ್ತಲೇ 1930ರಿಂದ 1962ರವರೆಗೆ ಧರ್ಮಶಾಸ್ತ್ರದ ಇತಿಹಾಸದ ಸಂಪುಟಗಳನ್ನು ಹೊರತಂದ ಪಾಂಡುರಂಗ ವಾಮನ ಕಾಣೆಯವರ ಕರ್ಮಭೂಮಿಯೂ ಮುಂಬಯಿಯೇ ಆಗಿತ್ತು.

ವರ್ತಮಾನದ ಪ್ರಶ್ನೆ ಇದಕ್ಕಿಂತ ಹತ್ತಿರದ್ದು. ಭಾಷಾ ಅಲ್ಪಸಂಖ್ಯಾತರನ್ನು ರಾಜ್ಯವಾರು ಗುರುತಿಸಬೇಕೆಂದು 2002ರಲ್ಲಿ ಸರ್ವೋಚ್ಚ ನ್ಯಾಯಾಲಯ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಹೇಳಿತು. ಹೀಗಾಗಿ ಕರ್ನಾಟಕದಲ್ಲಿ ಬಹುಸಂಖ್ಯಾತನಾದ ಕನ್ನಡಿಗ ಮಹಾರಾಷ್ಟ್ರದಲ್ಲಿ ಅಲ್ಪಸಂಖ್ಯಾತ. ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ಸರಕಾರ ಹೇರುವಂತಿಲ್ಲವೆಂದು 2014ರಲ್ಲಿ ಅದೇ ನ್ಯಾಯಾಲಯ ಕರ್ನಾಟಕದ ಪ್ರಕರಣದಲ್ಲಿ ತೀರ್ಪಿತ್ತಿತು. ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷಾ ಶಿಕ್ಷಣದ ಸೌಲಭ್ಯ ಒದಗಿಸಲು ಯತ್ನಿಸಬೇಕೆನ್ನುವ ಸಂವಿಧಾನದ 350ಎ ವಿಧಿಯಂತೂ ಇದ್ದೇ ಇದೆ. ಇವುಗಳ ನಡುವೆ ಮುಂಬಯಿಯ ಕನ್ನಡ ಮಾಧ್ಯಮ ಶಾಲೆಯೊಂದು ಮುಚ್ಚುವ ಹಂತಕ್ಕೆ ಬಂದರೆ ಪಾಲಕರು ಯಾವ ಹಕ್ಕನ್ನು ಹಿಡಿದು ನಿಲ್ಲಬೇಕು? ಸಭೆಗಳಲ್ಲಿ ಕಣ್ಣೀರು ಹಾಕುವವರು ಬಹಳ. ಇದನ್ನು ಪ್ರಬಂಧವಾಗಿ ಬರೆಯುವವರು ಬೇಕು.

ಆದುದರಿಂದ ವಿದ್ಯಾರ್ಥಿ ಅರ್ಜಿಗೆ ಮುನ್ನ ಅರಿಯಬೇಕಾದುದು ಇಷ್ಟು: ಆ ವಿಭಾಗದಲ್ಲಿ ಸಂವಿಧಾನವನ್ನೋ ಕಾನೂನಿನ ಇತಿಹಾಸವನ್ನೋ ಬಲ್ಲ ಮಾರ್ಗದರ್ಶಕರಿದ್ದಾರೆಯೇ? ಹಳೆಯ ತೀರ್ಪು ಸಂಪುಟಗಳು ಗ್ರಂಥಾಲಯದಲ್ಲಿವೆಯೇ? ಕನ್ನಡದ ಆಕರಗಳನ್ನು ಬಳಸಲು ಒಪ್ಪಿಗೆಯಿದೆಯೇ? ಕನ್ನಡ ವಿಭಾಗಗಳೂ ಕೈಕಟ್ಟಿ ಕೂರುವಂತಿಲ್ಲ. ಶಾಸನವನ್ನೂ ಗ್ರಂಥಸಂಪಾದನೆಯನ್ನೂ ಕಲಿಸುವ ತರಗತಿಗಳು ಅಲ್ಲಿವೆ. ಕಾನೂನು ವಿದ್ಯಾರ್ಥಿಗೆ ಅವುಗಳಲ್ಲಿ ಒಂದು ಆಸನವನ್ನು ತೆರೆಯಲು ವಿಶ್ವವಿದ್ಯಾಲಯದ ಹೊಸ ಅನುದಾನವೇನೂ ಬೇಕಾಗದು.